ಸ್ಕಾಟಿಷ್ ಗೋರಿಗಳ ನಡುವೆ ನನ್ನ ಸಂಶೋಧನೆ

ನಾನು ಎಲ್ಲಿ ಕಾಲಿಟ್ಟರೂ ಏನಾದರೊಂದು ಆಗಿಯೇ ತೀರುತ್ತದೆ, ಸ್ಮಶಾನವನ್ನೂ ಬಿಟ್ಟಿಲ್ಲ. ರಿಸೆಷನ್ ಕಾಲ. ಲೈಲ್ ಎಂಬ ಊರಿನ ನಮ್ಮ ಆಫೀಸಿನವರು ನನ್ನಂಥ ಡೇಟಾಬೇಸ್ ಪ್ರತಿಭೆಯನ್ನೇ ಮನೆಗೆ ಕಳಿಸಿದರೆಂದರೆ ಅಮೆರಿಕದ ಸ್ಥಿತಿ ನೀವೇ ಊಹಿಸಿ.

ನಮ್ಮ ಬಡಾವಣೆಯ ಹಿಂಭಾಗದಲ್ಲಿ ಸ್ಕಾಟ್ಲೆಂಡಿನಿಂದ ಬಂದ ರೈತರು ಕಟ್ಟಿದ ಹಳೇ ಚರ್ಚು, ಸುತ್ತ ಅವರದೇ ಗೋರಿಗಳು. ಉಸ್ತುವಾರಿ ಎಂಬತ್ತು ದಾಟಿದ ಅಜ್ಜಿಯದು. ರಸ್ತೆ ಅಗಲಿಸಲು ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತ, ಸ್ಮಶಾನದ ಪೂರ್ವದ ಮೂಲೆ ಕೇಳಿದ್ದರು. "ಅಲ್ಲಿ ನಮ್ಮ ಮುತ್ತಜ್ಜ ಮಲಗಿದಾನೆ" ಅಂತ ಅಜ್ಜಿ. "ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಗೋರಿಕಲ್ಲು ತೋರಿಸಿ" ಅಂತ ಕೌಂಟಿ. ಕಲ್ಲೇ ನಾಪತ್ತೆ! ಸ್ವಯಂಸೇವಕರು ಬೇಕೆಂಬ ಬೋರ್ಡು ನೋಡಿ ಒಳಗೆ ಹೋದೆ.

೧. ಅನುಭವ

"ಉತ್ಖನನ ಮಾಡಿ ಗೊತ್ತಾ?" ಅಂದರು ಅಜ್ಜಿ.

"ನಾನು ಹಂಪಿಯ ನಾಡಿನವನು" ಅಂದೆ. ಹಂಪಿಗೆ ಹೋಗಿದ್ದು ಒಂದೇ ಸಲ, ಹೈಸ್ಕೂಲ್ ಟ್ರಿಪ್ಪಿನಲ್ಲಿ. ಆಗಲೂ ಬಸ್ಸಲ್ಲೇ ನಿದ್ದೆ ಹೊಡೆದಿದ್ದೆ.

ಅಭ್ಯಾಸಬಲದಿಂದ ಗೇಟಿನಲ್ಲೇ ಶೂ ಬಿಚ್ಚಿದೆ. "ಹಿರಿಯರ ಜಾಗ ಅಲ್ವಾ?" ಅಂದಿದ್ದಕ್ಕೆ ಅಜ್ಜಿ ಕರಗಿಹೋಗಿ ಎಲ್ಲರಿಂದಲೂ ಶೂ ಬಿಚ್ಚಿಸಿದರು. ನಲವತ್ತೈದು ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಏಳು ಡಿಗ್ರಿ ಚಳಿ, ಒದ್ದೆ ಹುಲ್ಲು, ಐದು ಜೋಡಿ ಬರಿಗಾಲು. ಮರುವಾರ ಬಂದವರು ಅಜ್ಜಿ, ನಾನು, ಮತ್ತೆ ಒಬ್ಬ ರಿಟೈರ್ಡ್ ಮೇಷ್ಟ್ರು ಮಾತ್ರ. ಮೇಷ್ಟ್ರು ಎರಡು ಜೊತೆ ಸಾಕ್ಸ್ ಮೇಲೆ ಗಂಬೂಟು ಹಾಕಿ ಬಂದು, "ಹಿರಿಯರು ಕ್ಷಮಿಸ್ತಾರೆ, ನನ್ನ ಡಾಕ್ಟರ್ ಕ್ಷಮಿಸಲ್ಲ" ಅಂದರು.

೨. ಸ್ನಾನ

"ಗೋರಿ ಮುಟ್ಟಿ ಸೀದಾ ಅಡುಗೆಮನೆಗೇ ಬರ್ತೀರಾ? ಗರಾಜಲ್ಲೇ ಸ್ನಾನ ಮಾಡ್ಕೊಳ್ಳಿ!" ಎಂದಳು ಹೆಂಡತಿ. ಸರಿ, ಗರಾಜು, ಬಕೆಟ್ಟು, ಚೊಂಬು, ಪಂಚೆ. ನೀರು ಹೊರಗೆ ಹರಿಯಲೆಂದು ಬಾಗಿಲು ಅರ್ಧ ತೆರೆದೇ ಇಟ್ಟೆ.

ಮೂರನೇ ದಿನ ಪಕ್ಕದ ಮನೆ ದಂಪತಿ ಬಿಸಿಬಿಸಿ ತಿಂಡಿಯ ಟ್ರೇ ಹಿಡಿದು ಬಂದರು. "ಕೆಲಸ ಹೋಗಿದ್ದು ಗೊತ್ತಿತ್ತು. ಮನೆಯೊಳಗಿನ ನೀರೂ ಹೋಯ್ತಾ? ನಮ್ಮ ಬಾತ್‌ರೂಮ್ ಯೂಸ್ ಮಾಡಿ, ಪ್ಲೀಸ್."

ಹೆಂಡತಿ ಇವತ್ತಿಗೂ ಆ ಅವಮಾನ ಮರೆತಿಲ್ಲ. ನಾನೂ ಮರೆತಿಲ್ಲ, ಎಂಥಾ ಶವರ್ ರೀ ಅವರದು!

೩. ಕಾಯಿ

ಗಡುವಿಗೆ ಎರಡೇ ದಿನ. ಅಜ್ಜಿ ಬಾಗಿಸಿದ ಎರಡು ತಂತಿ ಹಿಡಿದು ಮೂಲೆಯೆಲ್ಲ ಓಡಾಡುತ್ತಿದ್ದರು. ಗೋರಿ ಸಿಕ್ಕಲ್ಲಿ ತಂತಿ ಒಂದಕ್ಕೊಂದು ಅಡ್ಡ ಬರುತ್ತವಂತೆ. ಬರಲಿಲ್ಲ.

"ನಮ್ಮಲ್ಲಿ ಬೋರ್‌ವೆಲ್ ಪಾಯಿಂಟ್ ನೋಡೋದು ತೆಂಗಿನಕಾಯಲ್ಲಿ" ಎಂದೆ. "ಅಂಗೈ ಮೇಲೆ ಮಲಗಿಸಿಕೊಂಡು ನಡೆದರೆ, ನೀರಿರೋ ಕಡೆ ನೆಟ್ಟಗೆ ಎದ್ದು ನಿಲ್ಲುತ್ತೆ. ಗೋರಿ ಯಾವ ಲೆಕ್ಕ!"

ಅಜ್ಜಿಯ ಕಣ್ಣು ತುಂಬಿತು. "ನಾಳೆ ತರ್ತೀರಾ?"

ಸಿಕ್ಕಿಬಿದ್ದೆ. ಗ್ಲೆಂಡೇಲ್ ಹೈಟ್ಸ್‌ವರೆಗೂ ಡ್ರೈವ್ ಮಾಡಿ, ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಹತ್ತು ಕಾಯಿ ಅಲ್ಲಾಡಿಸಿ ಒಂದು ಆರಿಸಿದೆ.

ಮರುದಿನ ಫೈಲು ಹಿಡಿದು ಕೌಂಟಿ ಅಧಿಕಾರಿಯೂ ಹಾಜರ್. ನಾನು ಗಂಭೀರವಾಗಿ ಮುಂದೆ, ಅಜ್ಜಿ ಉಸಿರು ಬಿಗಿಹಿಡಿದು ಹಿಂದೆ. ಕಾಯಿ ಮಾತ್ರ ಊಟವಾದ ಮಾವನವರ ಹಾಗೆ ಮಲಗೇ ಇತ್ತು. ಮೂರನೇ ಸುತ್ತಿನಲ್ಲಿ ಮರದ ಬೇರು ಎಡವಿ ನಾನೊಂದು ಕಡೆ, ಕಾಯಿ ಇನ್ನೊಂದು ಕಡೆ.

ಫಟ್! ಎರಡು ಹೋಳು.

ಹುಲ್ಲಿನ ಮೇಲೆ ಬಿದ್ದ ಕಾಯಿ ಒಡೆಯುವುದುಂಟೇ? ಮೇಷ್ಟ್ರು ಅಲ್ಲಿ ಕಬ್ಬಿಣದ ಸರಳು ಚುಚ್ಚಿದರು: ಟಣ್! ಹುಲ್ಲಿನ ಬೇರಿನಡಿಯಲ್ಲೇ ಬೋರಲು ಬಿದ್ದ ಚಪ್ಪಡಿ. ಎತ್ತಿ ತೊಳೆದರೆ ಮುತ್ತಜ್ಜನ ಹೆಸರು, ಸ್ಕಾಟ್ಲೆಂಡಿನ ಊರ ಸಮೇತ. ಅಜ್ಜಿ ಕಲ್ಲಿನ ಮೇಲೆ ಕೈಯಿಟ್ಟು ಕೂತುಬಿಟ್ಟರು.

ಅಧಿಕಾರಿ ನನ್ನ ಕಡೆ ತಿರುಗಿದ. "ಎದ್ದು ನಿಲ್ಲುತ್ತೆ ಅಂದಿದ್ರಂತೆ?"

"ಅದು ನೀರಿಗೆ" ಅಂದೆ, ಮಂಡಿಯ ಕೆಸರು ಒರೆಸುತ್ತ. "ಗೋರಿಗಾದ್ರೆ ಒಡೆಯುತ್ತೆ."

ಮೂಲೆ ಉಳಿಯಿತು. ಕೌಂಟಿ ವರದಿಯ ಪ್ರತಿ ನನಗೂ ಬಂತು. ಸಂಶೋಧನಾ ವಿಧಾನ ಎಂಬಲ್ಲಿ ಹೀಗಿತ್ತು: "ಭಾರತದ ಸಾಂಪ್ರದಾಯಿಕ ಉಪಕರಣ. ಅತ್ಯಂತ ನಿಖರ. ಒಮ್ಮೆ ಮಾತ್ರ ಬಳಸಬಹುದು."