ಹನ್ನೊಂದನೇ ಕಲಂ ಮತ್ತು ದರ್ಜಿಯ ಕೋಟು

ಸೇವಾ ಸಂಘದ ನಿಯಮಾವಳಿಯ ಹನ್ನೊಂದನೇ ಕಲಂ ಪ್ರಕಾರ, ಸನ್ಮಾನಕ್ಕೆ ಆಯ್ಕೆಯಾದ ಸ್ವಯಂಸೇವಕರು ಸನ್ಮಾನದ ದಿನ ಯಾವುದೇ ಸೇವೆ ಮಾಡತಕ್ಕದ್ದಲ್ಲ. ಸೇವೆಯಿಂದ ಮೈ ಬೆವರುತ್ತದೆ, ಫೋಟೊ ಕೆಡುತ್ತದೆ ಎಂಬ ದೂರದೃಷ್ಟಿಯಿಂದ ಸಂಸ್ಥಾಪಕರು ಈ ಕಲಮನ್ನು ಸೇರಿಸಿದ್ದರು.

ಈ ವರ್ಷ ಆಯ್ಕೆಯಾದವನು ಶಾಲೆಯ ಪಕ್ಕದ ದರ್ಜಿ. ಒಂಬತ್ತು ವರ್ಷಗಳಿಂದ ದಿನಾ ಸಂಜೆ ನಾಲ್ಕಕ್ಕೆ, ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು, ಕೆಂಪು ಬಟ್ಟೆಯ ತುಂಡು ಬೀಸುತ್ತ ರಸ್ತೆಗಿಳಿದು ಮಕ್ಕಳನ್ನು ದಾಟಿಸುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆಯ್ಕೆಪತ್ರ ಕೈಗೆ ಬಂದಾಗ ಮಾತ್ರ ಒಳಗೊಳಗೇ ಹಿಗ್ಗಿದ. ಊರಿಗೆಲ್ಲ ಹೊಲಿದವನು ಮೊದಲ ಸಲ ತನಗೊಂದು ಕೋಟು ಹೊಲಿದುಕೊಂಡ.

"ಮದುವೇಲೂ ಇಷ್ಟು ಚೆನ್ನಾಗಿ ಕಾಣ್ಲಿಲ್ಲ ಬಿಡಿ," ಎಂದಳು ಹೆಂಡತಿ.

ಸಮಾರಂಭ ನಾಲ್ಕಕ್ಕೇ ಇತ್ತು, ಶಾಲೆಯ ಎದುರು ಬದಿಯ ಸಭಾಂಗಣದಲ್ಲಿ.

"ಸಾರ್, ಆ ಹೊತ್ತಿಗೆ ಶಾಲೆ ಬಿಡುತ್ತಲ್ಲ?" ಎಂದು ದರ್ಜಿ ಕಾರ್ಯದರ್ಶಿಯನ್ನು ಕೇಳಿದ.

"ಅದಕ್ಕೇ ಆ ಹೊತ್ತು ಇಟ್ಟಿದ್ದು. ಚಪ್ಪಾಳೆಗೆ ಮಕ್ಕಳನ್ನೇ ಕರೆಸಿದೀವಿ."

"ರಸ್ತೆ ದಾಟಿಸೋರು ಯಾರು?"

"ನೀವಂತೂ ಅಲ್ಲ. ನೀವಿವತ್ತು ಸನ್ಮಾನಿತರು."

ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ. ಒಂದು ದರ್ಜಿಗೆ, ಉಳಿದ ಹದಿಮೂರು, ದರ್ಜಿಯನ್ನು ಗುರುತಿಸಿದ್ದಕ್ಕಾಗಿ ಸನ್ಮಾನಗೊಳ್ಳಲಿದ್ದ ಮುಖಂಡರಿಗೆ. ಕೆಳಗೆ ಸಭಿಕರ ಸಾಲು ಪೂರ್ತಿ ಖಾಲಿ. ಕಿಟಕಿಯಾಚೆ, ಲಾರಿ ಬಸ್ಸುಗಳ ಆ ಬದಿಯಲ್ಲಿ, ಇನ್ನೂರು ಸಭಿಕರು ಬೆನ್ನಿಗೆ ಚೀಲ ಹಾಕಿಕೊಂಡು ಕಾಯುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ರಸ್ತೆಗೆ ಕಾಲಿಟ್ಟವಳು ಹಾರ್ನ್ ಸದ್ದಿಗೆ ಬೆಚ್ಚಿ ಹಿಂದೆ ಸರಿದಳು. ದರ್ಜಿ ಎದ್ದುಬಿಟ್ಟ.

"ಕೂತ್ಕೊಳ್ಳಿ! ಹನ್ನೊಂದನೇ ಕಲಂ!" ಎಂದರು ಅಧ್ಯಕ್ಷರು.

ದರ್ಜಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ತೊಡಿಸಿದ. "ತಗೊಳ್ಳಿ, ಸನ್ಮಾನಿತ ಇಲ್ಲೇ ಕೂತಿದಾನೆ. ನಾನು ಬರೀ ದರ್ಜಿ," ಎಂದವನೇ ಓಡಿದ.

ಕಾರ್ಯದರ್ಶಿ ನಿಯಮಾವಳಿಯನ್ನು ತಿರುವಿ ಹಾಕಿದರು. ಕೋಟು ಸೇವೆ ಮಾಡುತ್ತಿಲ್ಲವಾದ್ದರಿಂದ ಅಡ್ಡಿಯಿಲ್ಲವೆಂದು ತೀರ್ಮಾನವಾಯಿತು.

ದರ್ಜಿ ಕೊನೆಯ ಮಗುವನ್ನೂ ದಾಟಿಸಿ ಒಳಬರುವಷ್ಟರಲ್ಲಿ ಕೋಟಿನ ಎದೆಗೆ ಪದಕ ಬಿದ್ದಿತ್ತು. ಅಭಿನಂದನಾ ಪತ್ರ ಓದಿದ ಅಧ್ಯಕ್ಷರ ಕಣ್ಣು ತೇವವಾಗಿತ್ತು. "ಎಂಥ ವಿನಯ! ಇಷ್ಟು ಹೊಗಳಿದರೂ ಒಂದು ಮಾತಿಲ್ಲ, ಮೈಕು ಬೇಕೆಂಬ ಆಸೆಯಿಲ್ಲ." ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಿಂತ ದರ್ಜಿಯೂ ತಟ್ಟಿದ. ಹೊಲಿಗೆ ನಿಜಕ್ಕೂ ಚೆನ್ನಾಗಿ ಕೂತಿತ್ತು.

ಮರುದಿನ ಕೋಟು ಕೇಳಲು ಹೋದ.

"ಈ ವಾರ ಆಗಲ್ಲ," ಎಂದರು ಕಾರ್ಯದರ್ಶಿ ದಿನಚರಿ ನೋಡುತ್ತ. "ಮೂರು ಕಡೆ ಅವರೇ ಮುಖ್ಯ ಅತಿಥಿ. ಮುಂದಿನ ತಿಂಗಳು ನಮ್ಮ ಉಪಾಧ್ಯಕ್ಷರೂ ಆಗ್ತಾರೆ. ಅವಿರೋಧ ಆಯ್ಕೆ."

ಒಂದು ಮಧ್ಯಾಹ್ನ ಸಂಘದ ಕಾರು ಅಂಗಡಿ ಮುಂದೆ ನಿಂತಿತು. ಉಪಾಧ್ಯಕ್ಷರ ಗುಂಡಿ ಸಡಿಲವಾಗಿತ್ತು. ದರ್ಜಿ ಎದ್ದು ನಿಂತು, ಕೈ ಒರೆಸಿಕೊಂಡು, ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಗುಂಡಿ ಹಾಕಿದ.

ಊಟ ತಂದಿದ್ದ ಹೆಂಡತಿ ಮೆಲ್ಲಗೆ ಅಂದಳು: "ಇಲ್ಲೇ ಇದೆಯಲ್ರೀ, ಒಂದ್ಸಲ ಹಾಕ್ಕೊಳ್ಳಿ."

"ಶ್! ಮೆತ್ತಗೆ ಮಾತಾಡು," ಎಂದ ದರ್ಜಿ. "ಅವರೀಗ ದೊಡ್ಡ ಮನುಷ್ಯರು ಕಣೇ."