ಏನೂ ಮಾಡದೆ ಸಾಕುವ ಗಿಡ

ಗಿಡವೆಂದರೆ ಹೂ ಬಿಡಬೇಕು, ಇಲ್ಲ ಕಾಯಿ ಬಿಡಬೇಕು, ಅದೂ ಆಗದಿದ್ದರೆ ಒಗ್ಗರಣೆಗಾದರೂ ಒದಗಬೇಕು ಎಂದು ನಂಬಿದವನು ನಾನು. ಹಾಗಾಗಿ ಈಗಿನ ಫ್ಲಾಟುಗಳಲ್ಲಿ ಸೋಫಾದ ಪಕ್ಕ ಮಹಾರಾಣಿಯ ಹಾಗೆ ಕೂರುವ ಸಕ್ಯುಲೆಂಟ್ ಎಂಬ ದಪ್ಪ ಎಲೆಯ ಗಿಡಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೋಡಲು ಅರಳಿದ ಎಲೆಕೋಸು, ಪಲ್ಯ ಮಾಡುವಂತಿಲ್ಲ. ಮುಟ್ಟಿದರೆ ಎಲೆಯ ಮೇಲಿನ ಬೂದಿಯಂಥ ಪುಡಿ ಅಳಿಸಿಹೋಗುತ್ತದಂತೆ. ಬಿಸಿಲು ಬೇಕಂತೆ, ಆದರೆ ಮಧ್ಯಾಹ್ನದ್ದು ಬೇಡವಂತೆ. ಮಣ್ಣು ಬೇಕಂತೆ, ಆದರೆ ಅದರಲ್ಲಿ ಅರ್ಧ ಮರಳು, ಜಲ್ಲಿ ಇರಬೇಕಂತೆ. ಮಗಳ ಮದುವೆಯಲ್ಲಿ ಬೀಗರೂ ಇಷ್ಟು ಷರತ್ತು ಹಾಕಿರಲಿಲ್ಲ.

ನನ್ನ ಹೆಂಡತಿ ಸುಮಾ ಹೆಸರಘಟ್ಟದ ಕಡೆಯ ನರ್ಸರಿಯೊಂದರಲ್ಲಿ ಉದುರಿ ಬಿದ್ದಿದ್ದ ಒಂದು ಎಲೆಯನ್ನು ಕೇಳಿ ಪಡೆದು, ಕರ್ಚೀಫಿನಲ್ಲಿ ಸುತ್ತಿ ತಂದು, ವರ್ಷಗಟ್ಟಲೆ ಸಾಕಿ ಊಟದ ತಟ್ಟೆಯಷ್ಟು ಅಗಲ ಮಾಡಿದ್ದಾಳೆ. ಅಲ್ಲಾಳಸಂದ್ರದ ನಮ್ಮ ಫ್ಲಾಟಿನಲ್ಲಿ ಕೆರೆ ಕಾಣುವ ಒಂದೇ ಕಿಟಕಿ ಅದರ ಪಾಲಾಯಿತು. ಮೊದಲು ಅಲ್ಲಿ ನನ್ನ ಕುರ್ಚಿ ಇತ್ತು. ಈಗ ಬಂದವರು ಮೊದಲು ಅದರ ಫೋಟೋ ತೆಗೆದು, ಆಮೇಲೆ ನನ್ನ ಬಿ.ಪಿ. ವಿಚಾರಿಸುತ್ತಾರೆ.

ಅಕ್ಕನ ಮಂಡಿ ಆಪರೇಷನ್ನಿಗೆಂದು ದಾವಣಗೆರೆಗೆ ಹೊರಟ ಸುಮಾ ಬಾಗಿಲಲ್ಲಿ ನಿಂತು, "ರೀ, ಇದಕ್ಕೆ ನೀವು ಏನೂ ಮಾಡ್ಬೇಡಿ. ನಾನ್ ಬರೋತನಕ ಒಂದ್ ತೊಟ್ಟು ನೀರೂ ಬೇಡ. ಏನೂ ಮಾಡ್ದೆ ಇರೋದ್ರಲ್ಲಿ ನಿಮ್ಮಷ್ಟು ನಂಬಿಕಸ್ಥರು ಇನ್ಯಾರಿದ್ದಾರೆ? ಇದು ಹೋಯ್ತು ಅಂದ್ರೆ ಮಾತ್ರ ನಾನ್ ಇನ್ನೊಂದು ಸಾಕಲ್ಲ" ಎಂದಳು. ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ನಡುಗಿತು. ಎಲೆಕೋಸಿಗೆ ಇಷ್ಟು ಸಂಕಟವೇ ಎಂದು ನಗು ಬಂದರೂ ಒಪ್ಪಿಕೊಂಡೆ. ಏನೂ ಮಾಡದಿರುವುದು ನಾನು ಸರ್ಕಾರಿ ನೌಕರಿಯ ಉದ್ದಕ್ಕೂ ಅಭ್ಯಾಸ ಮಾಡಿದ ವಿದ್ಯೆ.

ಎರಡು ವಾರದಲ್ಲಿ ಮಹಾರಾಣಿಯ ಕೆಳಗಿನ ಎಲೆಗಳು ಹಳದಿಯಾಗಿ, ನೀರು ತುಂಬಿಕೊಂಡು, ಮುಟ್ಟಿದರೆ ಕೈಗೇ ಬರತೊಡಗಿದವು. ಕಾರಣ ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದಾಗ, ನಮ್ಮ ಜೊತೆಗೇ ಇರುವ ನನ್ನ ಅಮ್ಮ ದೇವರ ಮನೆಯಿಂದ ಚೊಂಬು ಹಿಡಿದು ಬಂದು, ನೆಟ್ಟಗೆ ಅದರ ನೆತ್ತಿಗೇ ಸುರಿದಳು.

"ಅಮ್ಮಾ, ಏನಿದು?"

"ಅಭಿಷೇಕದ ನೀರು ಕಣೋ. ತುಳಿಯೋ ಕಡೆ ಚೆಲ್ಲಕ್ಕಾಗತ್ತಾ? ಬಾಲ್ಕನಿ ತುಳಸಿಗೆ ಹಾಕಿದ್ರೆ ಕೆಳಗಿನ ಮನೆಯವ್ರ ಬಟ್ಟೆ ಮೇಲೆ ಸೋರತ್ತೆ ಅಂತ ಜಗಳ. ಸುಮಾ ಇದ್ದಾಗ ದಿನಾ ಪಾರ್ಕಿಗೆ ತಗೊಂಡ್ಹೋಗಿ ಗಿಡಕ್ಕೆ ಹಾಕಿ ಬರ್ತಿದ್ಲು. ನಿನ್ನ ಕಳಿಸೋದು ಯಾಕೆ ಅಂತ ಇದಕ್ಕೇ ಹಾಕ್ತಿದ್ದೀನಿ."

"ದಿನಾನೂ?"

"ನಿನ್ನ ಕಣ್ ಮುಂದೇನೇ ಹಾಕ್ತಿದ್ನಲ್ಲೋ, ನೀನು ಪೇಪರ್ ಓದ್ತಾ ಕೂತಿರ್ತಿದ್ದೆ. ಸೋಮವಾರ ಮಾತ್ರ ಹಾಲು, ಮೊಸರು, ಜೇನುತುಪ್ಪ. ಪಾಪ, ಅದಕ್ಕೂ ಜೀವ ಇಲ್ವಾ?"

ಒಣ ಸೀಮೆಯ ಗಿಡಕ್ಕೆ ವಾರವಾರ ಪಂಚಾಮೃತ. ಸುಮಾಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮೊಬೈಲಿನ ವಿಡಿಯೋದಲ್ಲಿ ಹುಡುಗಿಯೊಬ್ಬಳು ನಗುನಗುತ್ತಾ, ಕೊಳೆತ ಭಾಗ ಬಿಟ್ಟು ಮೇಲೆ ತಲೆ ಕತ್ತರಿಸಿ, ಒಣಗಿಸಿ, ಬೇರು ಬರುವ ತನಕ ಕಾಯಿರಿ ಎಂದಳು. ಬದುಕಿರುವ ಗಿಡಕ್ಕೆ ಚಾಕು ಹಾಕಿದರೆ ಅಮ್ಮ ಸುಮ್ಮನಿರುವವಳಲ್ಲ. ಅವಳು ಮಧ್ಯಾಹ್ನ ಮಲಗಿದಾಗ, ಈರುಳ್ಳಿ ಹೆಚ್ಚಲೂ ಬಾರದ ನಾನು ಬೆವರುತ್ತಾ ಆ ಕೆಲಸ ಮುಗಿಸಿ, ಕೊಳೆತ ಬುಡವಿದ್ದ ಕುಂಡವನ್ನು ಕೆಳಗೆ ಸಾಗಿಸಿದೆ. ತಲೆಯನ್ನು ಅಂದಿನ ಪೇಪರಿನ ಮೇಲೆ, ನನ್ನದೇ ಕುರ್ಚಿಯಲ್ಲಿ ಮಲಗಿಸಿದೆ. ಎದ್ದು ಬಂದ ಅಮ್ಮನಿಗೆ, ಅದು ತಾನಾಗೇ ಕಳಚಿ ಬಿತ್ತು ಎಂದೆ. ಮರುದಿನದಿಂದ ಬೇಗ ಎದ್ದು ಚೊಂಬು ಹಿಡಿದು ಪಾರ್ಕಿಗೆ ಇಳಿಯುವವನೂ ನಾನೇ ಆದೆ. ಒಂದು ಬೆಳಿಗ್ಗೆ ಬುಡದಲ್ಲಿ ಗುಲಾಬಿ ಬಣ್ಣದ ಎಳೆ ಬೇರುಗಳು ಕಂಡವು. ನಾಚಿಕೆ ಬಿಟ್ಟು ಹೇಳುತ್ತೇನೆ, ಪ್ರಮೋಷನ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಸುಮಾ ಬಂದವಳೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮುಂದೆ ಕುಸಿದು ಕೂತು, "ಅತ್ತೆ, ಏನಾಯ್ತು ಇದಕ್ಕೆ?" ಎಂದಳು.

"ಬುಡ ಕೊಳೆತು ತಾನಾಗೇ ಕಳಚಿ ಬಿತ್ತಮ್ಮಾ. ಇನ್ನೇನು ಹೋಯ್ತು ಅನ್ಕೊಂಡಿದ್ದೆ. ತೀರ್ಥದ ಮಹಿಮೆ ನೋಡು, ಬೇರು ಬಿಟ್ಕೊಂಡು ಕೂತಿದೆ."

"ಇವರೇನ್ ಮಾಡಿದ್ರು?"

"ಅವನೇನ್ ಮಾಡ್ತಾನೆ, ಪೇಪರ್ ಓದ್ತಿದ್ದ."

ನಾನು ಬಾಯಿ ತೆರೆದೆ. ಅಮ್ಮನ ಮುಖ ನೋಡಿ ಮುಚ್ಚಿದೆ. ಸುಮಾ ಬೇರುಗಳನ್ನು ಮೆಲ್ಲನೆ ಸವರಿ, ಕಣ್ಣೊರೆಸಿಕೊಂಡು, ನನ್ನತ್ತ ತಿರುಗಿ ಎಂದೂ ಇಲ್ಲದ ಪ್ರೀತಿಯಿಂದ ಹೇಳಿದಳು:

"ಸದ್ಯ, ನೀವು ಕೈ ಹಾಕ್ಲಿಲ್ವಲ್ಲ."