ವೆಂಡೆಲ್ ಓದಿದ ಗುಡ್ಡ

ತೊಂದರೆ ಶುರುವಾದದ್ದು ಒಂದು ಹಳೆಯ ನಕ್ಷೆಯಿಂದ. ಊರಿನ ಗ್ರಂಥಾಲಯದವರು ಬೇಡದ ಕಾಗದಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಬಾಗಿಲ ಹೊರಗಿಟ್ಟಿದ್ದರು. ಶಾಲಾ ಬಸ್ಸಿನ ಡ್ರೈವರ್ ವೆಂಡೆಲ್ ಸ್ಟಕಿ ಅದರೊಳಗೆ ಕೈಯಾಡಿಸಿ ಪೆನ್ಸಿಲ್ವೇನಿಯಾದ ಬಡಗಣ ಗುಡ್ಡಗಳ ನಕ್ಷೆಯೊಂದನ್ನು ಎತ್ತಿಕೊಂಡು ಬಂದ. ಎತ್ತರ ತೋರಿಸುವ ಕಂದು ಗೆರೆಗಳು ಹಾಳೆಯ ತುಂಬ ಚೆಲ್ಲಿದ ಶ್ಯಾವಿಗೆಯ ಹಾಗೆ ಸುತ್ತಿಕೊಂಡಿದ್ದವು.

ಹೆಂಡತಿ ಆರ್ಲೀನ್ ನೋಡಿ, "ಐವತ್ತು ವರ್ಷದ ಹಿಂದಿನದು, ಇದೇನಕ್ಕೆ ಬರುತ್ತೆ?" ಎಂದಳು.

"ಗುಡ್ಡ ಏನು ಮನೆ ಬದಲಾಯಿಸುತ್ತಾ?" ಎಂದ ವೆಂಡೆಲ್.

ಹನ್ನೊಂದು ವರ್ಷಗಳಿಂದ ಅವನಿಗೆ ಒಂದು ಜಿಂಕೆಯೂ ದಕ್ಕಿರಲಿಲ್ಲ. ಆರ್ಲೀನಳ ಅಣ್ಣ ಕ್ಲೈಡ್‌ಗೆ ಪ್ರತಿವರ್ಷ ಮೊದಲ ದಿನವೇ ಸಿಗುತ್ತಿತ್ತು. ಕ್ಲೈಡ್ ತನ್ನ ಜಿಂಕೆಗಿಂತ ವೆಂಡೆಲ್‌ನ ಬರಿಗೈಯ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದ. ಹಾಗಾಗಿ ವೆಂಡೆಲ್ ಬೇಸಿಗೆಯಿಡೀ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಸಪಾಟು ಎಂದು ಕಲಿತ. ಕೊನೆಗೆ ಒಂದು ಜಾಗದ ಮೇಲೆ ಬೆರಳಿಟ್ಟ.

ಬೇಟೆಯ ಮೊದಲ ದಿನ, ಕಾಡಂಚಿನ ಮರದ ಬಿಡಾರದಲ್ಲಿ ಮುದುಕ ಓರ್ವಿಲ್ ಎಲ್ಲರಿಗೂ ತಿಂಡಿಯ ದೋಸೆ ಹುಯ್ಯುತ್ತಿದ್ದಾಗ ವೆಂಡೆಲ್ ಮುಷ್ಟಿ ಬಿಗಿಹಿಡಿದು ಎಲ್ಲರ ಮುಂದೆ ಚಾಚಿದ.

"ಈ ಗೆಣ್ಣುಗಳು ಗುಡ್ಡ ಅಂತ ಇಟ್ಕೊಳ್ಳಿ. ಎರಡು ಗೆಣ್ಣಿನ ಮಧ್ಯೆ ತಗ್ಗಿದೆಯಲ್ಲ, ಕುದುರೆ ಜೀನಿನ ಥರ? ಅದಕ್ಕೇ ಜೀನು ಅಂತಾರೆ. ಜಿಂಕೆಗೂ ಮೊಣಕಾಲು ನೋಯುತ್ತೆ ಸ್ವಾಮಿ. ಗುಡ್ಡ ಹತ್ತಿಳಿಯೋ ಬದಲು ಜೀನಲ್ಲೇ ದಾಟುತ್ತೆ."

"ಇದನ್ನ ಜಿಂಕೆಗೆ ಹೇಳಿದ್ದೀಯಾ?" ಕ್ಲೈಡ್ ಕೇಳಿದ. "ಇಲ್ಲಾಂದ್ರೆ ಅದು ಕಾಯ್ತಾ ಇರುತ್ತೆ, ಪಾಪ."

ಓರ್ವಿಲ್ ನಕ್ಕ ರಭಸಕ್ಕೆ ದೋಸೆ ಮಡಚಿಕೊಂಡಿತು. ವೆಂಡೆಲ್ ನಕ್ಷೆಯನ್ನು ಜೇಬಿಗಿಳಿಸಿ, ಬಂದೂಕು ಹೆಗಲಿಗೇರಿಸಿ, ಒಬ್ಬನೇ ಹೊರಟ.

ನೆಲಕ್ಕೆ ತೆಳ್ಳಗೆ ಹಿಮ ಬಿದ್ದಿತ್ತು. ಅದರ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ವೆಂಡೆಲ್‌ಗೆ ತನ್ನ ಬೂಟು ಕೂಡ ನೆಂಟರಂತೆ ಆಗಾಗ ಮಾತ್ರ ಕಾಣಿಸುತ್ತಿತ್ತು. ಎರಡು ತಾಸು ನಡೆದ. ಅವನು ಕಲ್ಪಿಸಿಕೊಂಡಿದ್ದ ಜೀನು ಭವ್ಯವಾದದ್ದು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವೆ ಹೆಬ್ಬಾಗಿಲು. ಸಿಕ್ಕಿದ್ದು ಪೊದೆ, ಜರೀಗಿಡ, ಕಾಲಿಟ್ಟಲ್ಲೆಲ್ಲ ಪಚಕ್ಕೆನ್ನುವ ನೀರು. ಬಲಗಾಲು ಮೊಣಕಾಲವರೆಗೂ ಹೂತುಹೋಯಿತು.

ದಾರಿ ತಪ್ಪಿ ಗುಡ್ಡದ ಕೆಳಗಿನ ಜೌಗಿಗೆ ಬಂದುಬಿಟ್ಟಿದ್ದೇನೆ ಎಂದುಕೊಂಡ. ಬೇಸಿಗೆಯೆಲ್ಲ ಓದಿದ್ದು ಬೂಟಿನೊಳಗಿನ ಕೆಸರಾಯಿತಲ್ಲ ಎಂದು ಗೊಣಗಿದ. ಬಿದ್ದ ಮರದ ಮೇಲೆ ಕೂತು ಆರ್ಲೀನ್ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಬಿಚ್ಚಿದ. ಎರಡನೇ ತುತ್ತಿಗೆ ತಲೆಯೆತ್ತಿದರೆ, ಮೂವತ್ತು ಹೆಜ್ಜೆ ದೂರದಲ್ಲಿ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ನಿಂತು ಅವನ ಊಟ ನೋಡುತ್ತಿತ್ತು.

ತುತ್ತು ಬಾಯಲ್ಲಿರುವಾಗಲೇ ವೆಂಡೆಲ್ ಗುಂಡು ಹಾರಿಸಿದ.

ದಾರಿ ಗೊತ್ತಿಲ್ಲದವನು ನೀರಿನ ಜಾಡು ಹಿಡಿಯುತ್ತಾನೆ. ವೆಂಡೆಲ್ ಕೂಡ ಜಿಂಕೆಯನ್ನು ಅಲ್ಲೇ ಸೀಳಿ, ಕರುಳು ತೆಗೆದು, ಅಲ್ಲಿಂದ ಹರಿಯುತ್ತಿದ್ದ ತೊರೆಯ ಗುಂಟ ಎಳೆಯುತ್ತ ಇಳಿದು ರಸ್ತೆ ಸೇರಿದ. ಅಲ್ಲಿ ಕ್ಲೈಡ್‌ನ ಪಿಕಪ್ ಎದುರಾಯಿತು. ಅದರ ಹಿಂಬದಿ ಖಾಲಿಯಿತ್ತು.

ಕ್ಲೈಡ್ ಕೆಳಗಿಳಿದು ಕೊಂಬಿನ ಕವಲುಗಳನ್ನು ಎರಡು ಸಲ ಎಣಿಸಿದ. "ಎಲ್ಲಿ ಹೊಡೆದೆಯೋ?"

ನಿಜ ಹೇಳಬೇಕೆಂದೇ ವೆಂಡೆಲ್ ಬಾಯಿ ತೆರೆದದ್ದು. ಆದರೆ ಹನ್ನೊಂದು ವರ್ಷ ಒತ್ತಿ ಬಂದವು. "ಬೆಳಗ್ಗೇನೇ ಹೇಳಿದ್ದೆನಲ್ಲ ಭಾವ. ಜೀನಲ್ಲಿ."

ಮಧ್ಯಾಹ್ನದ ಹೊತ್ತಿಗೆ ಬಿಡಾರದ ಮುಂದೆ ಜಾತ್ರೆ. ಅಕ್ಕಪಕ್ಕದ ಬಿಡಾರದವರೆಲ್ಲ ಬಂದು, ತೂಗುಹಾಕಿದ ಜಿಂಕೆಯನ್ನು ನೋಡಿ, ನಕ್ಷೆಯ ಸುತ್ತ ನೆರೆದರು. ವೆಂಡೆಲ್ ಮತ್ತೆ ಮುಷ್ಟಿ ಹಿಡಿದ. ಈ ಸಲ ಯಾರೂ ನಗಲಿಲ್ಲ. ಒಬ್ಬನಂತೂ ತನ್ನ ಮುಷ್ಟಿಯನ್ನೇ ಮುಂದೆ ಚಾಚಿ, "ಇಲ್ಲಿ ಎಲ್ಲಿ ಕೂರ್ಲಿ ಹೇಳಿ" ಎಂದು ಕೇಳಿದ.

ಅಷ್ಟರಲ್ಲಿ ವನ್ಯಜೀವಿ ಅಧಿಕಾರಿ ಟ್ರೇಸಿ ಕೋವಾಲ್ ಬಿಡಾರಗಳ ತಪಾಸಣೆಗೆ ಬಂದಳು. ಚಿಕ್ಕಂದಿನಲ್ಲಿ ವೆಂಡೆಲ್‌ನ ಬಸ್ಸಿನಲ್ಲೇ ಶಾಲೆಗೆ ಹೋದವಳು.

"ಒಳ್ಳೇ ಜಿಂಕೆ ವೆಂಡೆಲ್ ಅವರೇ. ಎಲ್ಲಿ ಸಿಕ್ತು?"

ವೆಂಡೆಲ್ ನಕ್ಷೆಯ ಮೇಲೆ ಠೀವಿಯಿಂದ ಬೆರಳಿಟ್ಟ. "ಇಲ್ಲಿ."

"ಸರಿಯಾಗಿ ಇಲ್ಲೇನಾ?"

"ಅಂಗುಲ ಆಚೀಚೆ ಇಲ್ಲ."

ಟ್ರೇಸಿ ಟೋಪಿ ತೆಗೆದಳು. "ಆ ಜೀನು ಈ ವರ್ಷದಿಂದ ಸಂರಕ್ಷಿತ ಪ್ರದೇಶ. ಬೇಟೆ ನಿಷಿದ್ಧ. ನಿಮ್ಮ ನಕ್ಷೆ ಹಳೇದು, ಅದರಲ್ಲಿ ಗಡಿ ಇಲ್ಲ. ಜಿಂಕೆ ನಾನು ತಗೊಂಡು ಹೋಗಬೇಕಾಗುತ್ತೆ."

ಎಲ್ಲರೂ ವೆಂಡೆಲ್‌ನತ್ತ ತಿರುಗಿದರು. ಒಂದು ಕಡೆ ಮಾನ, ಒಂದು ಕಡೆ ಎಂಟು ಕವಲು. ಅವನು ಎಂಟು ಕವಲನ್ನೇ ಹಿಡಿದ.

"ಟ್ರೇಸಿ, ಸುಳ್ಳು ಹೇಳ್ದೆ ಕಣಮ್ಮ. ನಾನು ಜೀನಿಗೆ ಹೋಗೇ ಇಲ್ಲ. ದಾರಿ ತಪ್ಪಿ ಕೆಳಗಿನ ಜೌಗಲ್ಲಿ ಕೂತಿದ್ದೆ. ದೇವರಾಣೆ, ನನಗೆ ನಕ್ಷೆ ಓದೋಕೆ ಬರಲ್ಲ."

ಕ್ಲೈಡ್‌ನ ಮುಖ ಅರಳಿತು. "ಇನ್ನೊಂದ್ಸಲ ಹೇಳು, ಓರ್ವಿಲ್‌ಗೆ ಕಿವಿ ಮಂದ."

ವೆಂಡೆಲ್ ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದ.

"ಜೌಗಾದ್ರೆ ತಕರಾರಿಲ್ಲ," ಎಂದಳು ಟ್ರೇಸಿ. "ಜಾಗ ತೋರಿಸಿ, ಜಿಂಕೆ ನಿಮ್ಮದೇ."

ಮಂಜು ಕರಗಿ ಬಿಸಿಲು ಬಂದಿತ್ತು. ಹಿಮದಲ್ಲಿ ಜಿಂಕೆ ಎಳೆದ ಗುರುತು ಹಿಡಿದು ಟ್ರೇಸಿ, ವೆಂಡೆಲ್, ಕ್ಲೈಡ್, ಅವರ ಹಿಂದೆ ಅರ್ಧ ಊರು ಹೊರಟಿತು. ಗುರುತು ಏರುತ್ತ ಹೋಯಿತು. ಇನ್ನೂ ಏರಿತು.

"ಜೌಗು ಇಷ್ಟು ಮೇಲಿರುತ್ತಾ?" ಏದುಸಿರು ಬಿಡುತ್ತ ಓರ್ವಿಲ್ ಕೇಳಿದ.

ಮರಗಳ ಮೇಲೆ ಬೇಟೆ ನಿಷಿದ್ಧವೆಂಬ ಹಳದಿ ಫಲಕಗಳು ಕಾಣಿಸತೊಡಗಿದವು. ವೆಂಡೆಲ್ ಅವುಗಳತ್ತ ನೋಡಲಿಲ್ಲ. ಕೊನೆಗೆ ಬಿದ್ದ ಮರ, ಹಿಮದ ಮೇಲೆ ರಕ್ತ, ಕರುಳಿನ ರಾಶಿ ಸಿಕ್ಕವು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ ಬಿಸಿಲಲ್ಲಿ ನಿಚ್ಚಳವಾಗಿ ನಿಂತಿದ್ದವು. ನಡುವೆ ಅಗಲವಾದ ತಗ್ಗು, ತಗ್ಗಿನಲ್ಲಿ ಒಂದು ಒರತೆ.

ಟ್ರೇಸಿ ಕೈಯಲ್ಲಿದ್ದ ಜಿಪಿಎಸ್ ಯಂತ್ರ ನೋಡಿ ಹೇಳಿದಳು: "ಜೀನು ಇದೇ. ನೀವು ಬೆರಳಿಟ್ಟ ಜಾಗವೇ."

ವೆಂಡೆಲ್‌ನ ಎದೆ ಉಬ್ಬಿತು. "ನೋಡಿದ್ರಾ! ಸರಿಯಾಗೇ ಓದಿದ್ದೆ! ಗೆರೆ ಗೆರೆ ಸರಿಯಾಗಿ ಓದಿ, ನೇರ ಇಲ್ಲಿಗೇ—"

"ಸ್ವಲ್ಪ ತಡೀರಿ," ಟ್ರೇಸಿ ಮೆಲ್ಲಗೆ ಅಂದಳು. "ನಕ್ಷೆ ಓದಿ ಬೇಕಂತಲೇ ಇಲ್ಲಿಗೆ ಬಂದಿದ್ರೆ ಮೂರು ವರ್ಷ ಲೈಸೆನ್ಸ್ ರದ್ದು. ದಾರಿ ತಪ್ಪಿ ಬಂದಿದ್ರೆ ಜಿಂಕೆ ಮಾತ್ರ ಹೋಗುತ್ತೆ. ಏನಂತ ಬರೀಲಿ?"

ವೆಂಡೆಲ್ ಎರಡೂ ಗುಡ್ಡಗಳನ್ನು ಒಮ್ಮೆ ಆಸೆಯಿಂದ ನೋಡಿದ. ಆಮೇಲೆ ಪೆನ್ನಿಗೆ ಕೈ ಚಾಚಿದ.

ಟ್ರೇಸಿ ಬರೆದ ವರದಿಯಲ್ಲಿ 'ನಕ್ಷೆ ಓದಲು ಬಾರದೆ ದಾರಿ ತಪ್ಪಿದವನು' ಎಂದಿದ್ದಲ್ಲಿ ಅವನು ಸಹಿ ಹಾಕಿದ. ಕೆಳಗೆ ಸಾಕ್ಷಿಯ ಸಹಿಗೂ ಜಾಗವಿತ್ತು. ಕ್ಲೈಡ್ ಆಗಲೇ ಕೈಗವಸು ಕಳಚಿ ನಿಂತಿದ್ದ.